ಅಕ್ಕೋರು ಉಂಡ ಎಣ್ಣೆಗಾಯಿ

ಗುರೆಳ್ಳು ಹುರಿಯುವ ವಾಸನೆ ಬಂದರೆ ಈಗಲೂ ನವನಗರದ ಅಕ್ಕೋರ ಅಡುಗೆಮನೆ ನನ್ನ ಕಣ್ಣಿಗೆ ಕಟ್ಟುತ್ತದೆ.

ನನಗಾಗ ಹದಿನಾಲ್ಕು ವರ್ಷ. ಅವ್ವ ತೀರಿಕೊಂಡು ಮನೆಯ ಅಡುಗೆ ನನ್ನ ಮೇಲೆ ಬಿದ್ದಿತ್ತು. ಅಪ್ಪ ಅರ್ಧ ಉಂಡು ಏಳುತ್ತಿದ್ದ. ಅದು ತಿಳಿದು ನಮ್ಮ ಸಾಲಿಯಲ್ಲಿ ಪಾಠ ಹೇಳುತ್ತಿದ್ದ ಅಕ್ಕೋರು ಭಾನುವಾರಕ್ಕೊಮ್ಮೆ ನನ್ನನ್ನು ಮನೆಗೆ ಕರೆದು ಅಡುಗೆ ಕಲಿಸತೊಡಗಿದರು. ಅವರು ರುಚಿ ನೋಡಿ ಹೂಂ ಅನ್ನುವ ತನಕ ನಾನು ಒಲೆ ಆರಿಸುತ್ತಿರಲಿಲ್ಲ.

ಆಮೇಲೆ ಅವರು ಜಡ್ಡಿಗೆ ಬಿದ್ದರು. ದವಾಖಾನೆಯಿಂದ ಮರಳಿದ್ದಾರೆಂದು ಕೇಳಿ ಒಂದು ಮಧ್ಯಾಹ್ನ ಹೋಗಿ, ಬದನೆಕಾಯಿ ಎಣ್ಣೆಗಾಯಿ ಮಾಡಿದೆ. ಕೂದಲುದುರಿದ ತಲೆಗೆ ಅರಿವೆ ಕಟ್ಟಿಕೊಂಡು ಅವರು ಗೋಡೆಗೆ ಒರಗಿ ಕೂತಿದ್ದರು. ಅಂಗೈಗೆ ಹಾಕಿದ ರಸ ನೆಕ್ಕಿದರು.

"ಉಪ್ಪು ಸಾಕೇನ್ರಿ ಅಕ್ಕೋರ?"

"ನನ್ನ ನಾಲಿಗಿಗೆ ಈಗ ಏನೂ ತಿಳೀವಲ್ದವ್ವ. ನೀನ ನೋಡಿ ಹೇಳು."

ನೋಡಿದೆ. "ಇನ್ನೊಂದು ಚಿಟಿಕಿ ಬೇಕ್ರಿ" ಎಂದು ನಾನೇ ಹಾಕಿದೆ.

ಅಕ್ಕೋರು ರೊಟ್ಟಿ ಮುರಿದು, ಒಂದೊಂದೇ ತುತ್ತು ನಿಧಾನವಾಗಿ ಅಗಿದು, ತಟ್ಟೆಯಲ್ಲಿ ಏನೂ ಬಿಡದೆ ಉಂಡರು.

"ಇನ್ನ ಮ್ಯಾಲೆ ಯಾರನ್ನೂ ಕೇಳಬ್ಯಾಡ" ಎಂದರು.

ಎಂಟು ದಿನಕ್ಕೆ ಅವರು ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ಮಂದಿಗೆ ಅನ್ನ, ಸಾರು ಮಾಡಿ ಒಯ್ದವಳು ನಾನು.