ಕೆಂಪು ದೀಪಕ್ಕೂ ಕೆಡುವ ಫಿಲ್ಮು

ಇದು ಕಟ್ಟಿದ ಕತೆಯಲ್ಲ, ನಡೆದದ್ದು. ಕಂಪನಿಯವರು ಕಪ್ಪು-ಬಿಳುಪು ಫಿಲ್ಮನ್ನೇ ಬದಲಾಯಿಸಿದ್ದರು. ಹಳೆಯದನ್ನು ಕೆಂಪು ದೀಪದ ಬೆಳಕಲ್ಲಿ ತೊಳೆಯಬಹುದಿತ್ತು; ಹೊಸದಕ್ಕೆ ಅದೂ ಆಗದು, ಕಗ್ಗತ್ತಲಲ್ಲೇ ತೊಳೆಯಬೇಕು. ಸ್ಟುಡಿಯೋದ ವಿಠೋಬ ಕತ್ತಲಕೋಣೆಯ ಮೇಜಿನ ಮೇಲೆ ಕಪ್ಪು ಕಾಗದ ಸುತ್ತಿಟ್ಟಿದ್ದ ಎರಡು ರೋಲುಗಳಲ್ಲಿ ಇನ್‌ಸ್ಪೆಕ್ಟರ್ ಮಗಳ ಮದುವೆಯದೆಂದು ಒಂದನ್ನು ತಡಕಾಡಿ ಎತ್ತಿಕೊಂಡು, ಕಾಗದ ಬಿಚ್ಚಿ ಡೆವಲಪರ್ ದ್ರಾವಣಕ್ಕೆ ಇಳಿಸಿದ. ಇದು ಕೆಟ್ಟರೆ ಅವನು ಊರು ಬಿಡಬೇಕಾಗಿತ್ತು.

ಅಷ್ಟರಲ್ಲಿ ಯಾರೋ ಬಾಗಿಲು ದಬದಬ ಬಡಿದರು.

"ಏನಯ್ಯಾ, ನನ್ನ ಮಗಳ ಫೋಟೋ ಎಲ್ಲಿ? ತೆಗಿ ಬಾಗಿಲು! ಇಲ್ಲಾಂದ್ರೆ ಒಳಗೆ ಹಾಕ್ತೀನಿ!"

"ಒಳಗೇ ಇದೀನಿ ಸಾರ್!" ಎಂದು ಕಿರುಚಿದ ವಿಠೋಬ, ಗಾಬರಿಯಲ್ಲಿ ಹಳೇ ಅಭ್ಯಾಸದಂತೆ ಕೆಂಪು ದೀಪ ಹಾಕಿಯೇಬಿಟ್ಟ. ಕೈಯಲ್ಲಿದ್ದ ಫಿಲ್ಮು ಕಣ್ಣೆದುರೇ ಕಪ್ಪಾಗತೊಡಗಿತು.

ಬಾಗಿಲು ತೆಗೆದರೆ, ಹೊರಗೆ ಗೆಳೆಯ ಕರಿಬಸಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಹೆಂಗಿತ್ತೋ ಇನ್‌ಸ್ಪೆಕ್ಟರ್ ದನಿ?"

"ಪಾಪಿ, ನನ್ನ ಕತೆ ಮುಗಿಸಿದೆಯಲ್ಲೋ!" ಎಂದು ತಲೆ ಚಚ್ಚಿಕೊಳ್ಳುತ್ತಾ ತಿರುಗಿದ ವಿಠೋಬನ ಕಣ್ಣು, ಮೇಜಿನ ಮೇಲೆ ಉಳಿದಿದ್ದ ರೋಲಿನ ಚೀಟಿಯ ಮೇಲೆ ಬಿತ್ತು. ಮರುಕ್ಷಣ ಅವನು ಬಿದ್ದು ಬಿದ್ದು ನಗತೊಡಗಿದ. ಆ ಅಬ್ಬರಕ್ಕೆ ಕರಿಬಸಪ್ಪನ ನಗು ನಿಂತೇಹೋಯಿತು.

"ಯಾಕೋ, ತಲೆ ಕೆಡ್ತಾ?"

"ಕತ್ತಲಲ್ಲಿ ರೋಲು ಅದಲುಬದಲಾಗಿದೆ ಕಣೋ. ಇನ್‌ಸ್ಪೆಕ್ಟರ್‌ದು ಇಲ್ಲೇ ಕಾಗದದೊಳಗೆ ಭದ್ರವಾಗಿದೆ, ಹಾಳಾಗಿದ್ದು ನಿನ್ನ ಮದುವೇದು!"