ಬಿಸಿಲಿನ ಪಾಳಿ

ಆಕಾಶದಲ್ಲಿ ನಿಲ್ಲಿಸಿದ್ದ ದೊಡ್ಡ ಕನ್ನಡಿಯೊಂದು ಸರದಿಯಂತೆ ಒಂದೊಂದೇ ಓಣಿಗೆ ಬಿಸಿಲು ಹಂಚುತ್ತಿದ್ದ ಕಾಲವದು. ಆ ಶರದೃತುವಿನಲ್ಲಿ ಧಾರವಾಡದ ಕುಂಬಾರ ಓಣಿಗೆ ಭಾನುವಾರ ಪಾಳಿ ಬಂತು. ಈರಪ್ಪ ಮಕ್ಕಳಿಬ್ಬರೊಡನೆ ರವೆ, ಬೆಲ್ಲ, ಮೊಸರು, ಏಲಕ್ಕಿ ಕಲಸಿ, ಮಾಳಿಗೆಯ ಮೇಲೆ ಬಿಸಿಲಲ್ಲೇ ಬೇಯಿಸುವ ಗಾಜಿನ ಪೆಟ್ಟಿಗೆಯಲ್ಲಿ ಕೇಕು ಬೇಯಲಿಟ್ಟ. ಹಿರಿಯವನ ಮೂಗಿಗೆಲ್ಲ ಹಿಟ್ಟು ಮೆತ್ತಿತ್ತು. ಕಿರಿಯವಳಾದ ಶಾಂಭವಿಯ ಹುಟ್ಟುಹಬ್ಬವೂ ಅಂದೇ.

ಕೇಕು ಇನ್ನೇನು ಉಬ್ಬಬೇಕು, ಅಷ್ಟರಲ್ಲಿ ಪಾಳಿ ಮುಗಿದು ಬಿಸಿಲು ಪಕ್ಕದ ಓಣಿಗೆ ಜಾರಿತು. ಶಾಂಭವಿಯ ಕಣ್ಣು ತುಂಬಿತು.

ಪಕ್ಕದ ಓಣಿಯ ನೀಲಗಂಗವ್ವ ತನ್ನ ಮಾಳಿಗೆಯ ಮೇಲೆ ಪರಾತದ ತುಂಬ ಶಾವಿಗೆ ಒಣಹಾಕಿದ್ದಳು. ಈರಪ್ಪ ಅಳುಕುತ್ತಲೇ ಕೂಗಿದ, "ಅಕ್ಕಾ, ಕೂಸಿನ ಕೇಕು ಅರ್ಧಾ ಬೆಂದೈತಿ. ನಿಮ್ಮ ಬಿಸಿಲು ಸ್ವಲ್ಪ ಇತ್ತಾಗ ತಿರುಗಸ್ತೀರೇನು?"

"ಶಾವಿಗಿ ಮುಂದಿನ ಪಾಳಿಗೆ ಒಣಗತಾವ ತಗೋ," ಎಂದು ಆಕೆ ಶಾವಿಗೆಯನ್ನು ಬಟ್ಟೆಯ ಮೇಲೆ ಸುರುವಿ, ಹಿತ್ತಾಳೆಯ ಅಗಲ ಪರಾತವನ್ನು ಬಿಸಿಲಿಗೆ ಎತ್ತಿ ಈರಪ್ಪನ ಪೆಟ್ಟಿಗೆಯತ್ತ ಹೊರಳಿಸಿ ಹಿಡಿದಳು. ಅದನ್ನು ಕಂಡು ಆಕೆಯ ಅಕ್ಕಪಕ್ಕದ ಮಾಳಿಗೆಯವರೂ ತಾಟು, ಕನ್ನಡಿ ಹಿಡಿದರು. ಹೊಂಬಣ್ಣದ ತುಣುಕುಗಳು ಒಂದೊಂದಾಗಿ ಬಂದು ಪೆಟ್ಟಿಗೆಯ ಮೇಲೆ ಬಿದ್ದವು. ಕೇಕು ಮೆಲ್ಲಗೆ ಎದ್ದಿತು. ಏಲಕ್ಕಿಯ ಘಮ ಎರಡೂ ಓಣಿ ತುಂಬಿತು.

ಬಿಸಿಲು ಕೊಟ್ಟವರಿಗೆಲ್ಲ ಕೇಕು ಹಂಚಿದ ಮೇಲೆ ಶಾಂಭವಿಗೆ ಉಳಿದದ್ದು ಒಂದು ಪುಟ್ಟ ತುಂಡು. ಅದನ್ನು ಅವಳು ಬಾಯಿಗಿಡಲಿಲ್ಲ. ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ಅಪ್ಪಾ, ಇದರಾಗ ಇನ್ನೂ ಬಿಸಿಲೈತಿ," ಎಂದಳು.