ಗುರುವಾರದ ಚೀಲ

ಅಜ್ಜಿಯ ಕೈ ಮತ್ತೊಮ್ಮೆ ಚೀಲದೊಳಗೆ ಇಳಿಯಿತು. ಸ್ನೇಹಲ್ ಕಪಾಟಿನ ಸಂದಿಯಿಂದ ನೋಡುತ್ತಿದ್ದಳು. ರೆಪ್ಪೆ ಮಿಟುಕಿಸುವಷ್ಟರಲ್ಲಿ ಚೀಲದ ಮೇಲೆ ಸೆರಗು ಬಿದ್ದಿತ್ತು. ಅಜ್ಜಿ ಏನೂ ಅರಿಯದವರಂತೆ ಕವನ ಸಂಕಲನಗಳ ಬೆನ್ನು ಸವರುತ್ತ ನಿಂತಿದ್ದರು.

ಅಯ್ಯೋ ಶಿವನೇ, ಇವರೇ ಆಗಬೇಕೇ!

ಪುಣೆಯ ಸದಾಶಿವ ಪೇಟೆಯ ಹಳೆಯ ವಾಡೆಯೊಂದರ ಕೆಳಗಿನ ಎರಡು ಕೋಣೆಗಳಲ್ಲಿ ಬಸವಲಿಂಗ ಕಾಕಾರ ಕನ್ನಡ ಪುಸ್ತಕದಂಗಡಿ ‘ಮುತ್ತಲ ಪ್ರಕಾಶನ’. ಮುಂದಿನದು ಮಾರಾಟಕ್ಕೆ, ಹಿಂದಿನದು ಕರಡು ತಿದ್ದಲು. 1997ರ ಆ ಮಳೆಗಾಲಕ್ಕೆ ಸ್ನೇಹಲ್ ಅಲ್ಲಿ ಸೇರಿ ಎರಡು ತಿಂಗಳು. ಖಡಕಿಯಲ್ಲಿ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದ ಹುಡುಗಿ. ಕನ್ನಡ ಅಕ್ಷರ ಕಲಿತದ್ದು ಮನೆಯಲ್ಲಿ, ಹಟ ಹಿಡಿದು. ಈಗ ನೋಡಿ, ಊಟದ ಡಬ್ಬಿ ಬಿಚ್ಚುವ ಮೊದಲೇ ಪುಸ್ತಕ ಬಿಚ್ಚುತ್ತಾಳೆ. ಓದಿದ್ದನ್ನು ಬಂದ ಗಿರಾಕಿಗೆಲ್ಲ ಹೇಳಿ, ತಲೆ ತಿಂದು, ಒಂದಾದರೂ ಕೊಳ್ಳಿಸಿಯೇ ಕಳಿಸುತ್ತಾಳೆ. ಸಂಬಳ ಅಷ್ಟಕ್ಕಷ್ಟೇ, ಓದು ಮಾತ್ರ ಪುಕ್ಕಟೆ. ಅವಳಿಗೆ ಅದೇ ಸ್ವರ್ಗವಾಗಿತ್ತು.

ಆದರೆ ಹೋದ ವಾರ ದಪ್ಪನೆಯ ನಿಘಂಟೊಂದು ಮಾಯವಾಯಿತು. ಕಾಕಾ ಸಿಟ್ಟಾದರು. “ನೋಡು ಸ್ನೇಹಲ್, ಇನ್ನೊಂದು ಪುಸ್ತಕ ಕಾಣದಂಗ ಆತಂದ್ರ, ಈ ಕೆಲಸ ನಿನಗ ಒಗ್ಗಂಗಿಲ್ಲ ಅಂತ ತಿಳ್ಕೋತೀನಿ.”

ಅಪ್ಪನಂತೂ ಅದಕ್ಕೇ ಕಾದು ಕೂತಿದ್ದ. ತಳೇಗಾಂವದ ಕಾರ್ಖಾನೆಯಲ್ಲಿ ಬಲ್ಬಿನ ಡಬ್ಬಿ ಮಡಚುವ ಕೆಲಸ ಗೊತ್ತುಮಾಡಿಯೇ ಇಟ್ಟಿದ್ದ. ಬಲ್ಬಿನ ಡಬ್ಬಿಯ ಮೇಲೆ ಓದಲು ಏನಿದೆ, ಮಣ್ಣು? ವೋಲ್ಟೇಜು! ಅದನ್ನು ನೆನೆದರೇ ಸ್ನೇಹಲ್‌ಗೆ ಅಳು ಬರುತ್ತಿತ್ತು.

ಅಂದಿನಿಂದ ಬಂದವರನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಕಣ್ಣು ಹೋಗಿ ನಿಂತದ್ದು ಶಿವಬಸವ್ವಜ್ಜಿಯ ಮೇಲೆ. ಅಜ್ಜಿ ಬರುತ್ತಿದ್ದುದು ಗುರುವಾರವೇ. ಗುರುವಾರ ಬಂತೆಂದರೆ ಇಡೀ ಪೇಟೆಗೆ ಕರೆಂಟು ಇರುವುದಿಲ್ಲ. ಪಂಖವಿಲ್ಲದೆ ಕೂರಲಾರದ ಕಾಕಾ ಮಧ್ಯಾಹ್ನ ಮನೆಗೆ ಹೋಗಿ ಮಲಗುತ್ತಾರೆ. ಅಂಗಡಿಯಲ್ಲಿ ಅರೆಗತ್ತಲು, ಸ್ನೇಹಲ್ ಒಬ್ಬಳೇ. ಅಜ್ಜಿಯದು ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಹೆಗಲಿಗೆ ಖಾಕಿ ಚೀಲ. ಬಂದವರೇ “ಉಸ್ಸಪ್ಪಾ” ಎಂದು ಕುಸಿದು ಕೂತು ನೀರು ಕೇಳುವರು. ಆಮೇಲೆ ಕವನದ ಕಪಾಟಿನ ಮುಂದೆ ಅರ್ಧ ತಾಸು. ಕೊಂಡದ್ದು ಮಾತ್ರ ಒಂದು ಸಲವೂ ಇಲ್ಲ.

ಆ ಕಪಾಟೇ ಸ್ನೇಹಲ್‌ಗೆ ತಲೆನೋವು. ಧೂಳು ಒರೆಸಲು ಒಂದು ಪುಸ್ತಕ ಎಳೆದರೆ ನಾಲ್ಕು ಉದುರುತ್ತಿದ್ದವು.

“ಏನವ್ವಾ, ಕವಿತಾ ಹೋಗತಾವೇನು?” ಅಜ್ಜಿ ಪ್ರತಿ ಸಲ ಕೇಳುವರು.

“ಎಲ್ಲೀದ್ರೀ ಅಜ್ಜಿ! ಇದ್ದಲ್ಲೇ ಕುಂತಾವ.”

“ಹಂಗ ಅನಬ್ಯಾಡ ನನ್ನವ್ವಾ. ಹೋಗಬೇಕು ಅವು. ಮಂದಿ ಮನಿಗೆ ಹೋಗಬೇಕು.” ಹೊರಡುವಾಗ ಮುಖ ಅರಳಿರುತ್ತಿತ್ತು. “ಇಲ್ಲಿಗೆ ಬಂದು ಹೋದ್ರ ಭಾಳ ಹಗುರ ಆಗತದ ನೋಡು.”

ಎಂಥಾ ಸಾಹಿತ್ಯಪ್ರೇಮ ಅಂದುಕೊಂಡಿದ್ದಳು ಸ್ನೇಹಲ್. ಅಜ್ಜಿ ತಂದುಕೊಡುತ್ತಿದ್ದ ಶೇಂಗಾ ಹೋಳಿಗೆಯ ರುಚಿ ಇನ್ನೂ ನಾಲಿಗೆಯ ಮೇಲಿತ್ತು. ಈಗ ತಿಂದ ಬಾಯಲ್ಲೇ ಕಳ್ಳಿ ಅನ್ನುವುದು ಹೇಗೆ? ಅನ್ನದಿದ್ದರೆ ಬಲ್ಬಿನ ಡಬ್ಬಿ ಕಾದಿದೆ. ಧೈರ್ಯ ಮಾಡಿ ಎದುರಿಗೆ ಹೋಗಿ ನಿಂತಳು.

“ಅಜ್ಜಿ, ಚೀಲ ತೋರಸ್ರಿ.”

ಅಜ್ಜಿಯ ಮುಖ ಬಿಳಿಚಿತು. ಚೀಲವನ್ನು ಎದೆಗೆ ಅವಚಿಕೊಂಡರು. “ಬ್ಯಾಡ ತಂಗಿ, ಕೈ ಮುಗೀತೀನಿ. ನಮ್ಮ ಮನಿಯವರಿಗೆ ಗೊತ್ತಾದ್ರ ಎದಿ ಒಡಕೋತಾರ.”

“ನನ್ನ ನೌಕರಿ ಹೋಗತದ್ರೀ!” ಸ್ನೇಹಲ್‌ಗೆ ಅಳು ಒತ್ತರಿಸಿ ಬಂತು. ಚೀಲದ ಪಟ್ಟಿ ಹಿಡಿದು ಎಳೆದಳು. ಅಜ್ಜಿಯೂ ಬಿಡಲಿಲ್ಲ. ಎಪ್ಪತ್ತರ ಕೈಗೆ ಎಂಥಾ ಪಟ್ಟು ಅಂತೀರಿ!

ಅಷ್ಟರಲ್ಲಿ ಬಾಗಿಲಲ್ಲಿ ಕಾಕಾ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕಂಕುಳಲ್ಲಿ ನಿಘಂಟು. “ಸಿಕ್ತು ನೋಡವಾ,” ಎಂದರು ಪೆಚ್ಚುನಗೆಯಲ್ಲಿ. “ನಮ್ಮ ಮನ್ಯಾಗನ ಇತ್ತು, ದಿಂಬಿನ ಬಾಜೂಕ. ನಾನ ಒಯ್ದು ಮರ್ತಿದ್ದೆ. ನಿನಗ ಸುಮ್ಮನ ಬೈದೆ, ತಪ್ಪಾತು. ಅರೆ, ಇದೇನು ಎಳದಾಟ?”

ಸ್ನೇಹಲ್ ಗಾಬರಿಯಲ್ಲಿ ಪಟ್ಟಿ ಬಿಟ್ಟಳು. ಚೀಲ ಮಗುಚಿತು. ನೆಲದ ಮೇಲೆ ಬಿದ್ದವು ಪುಸ್ತಕಗಳು, ಒಂದಲ್ಲ, ಐದು. ಐದೂ ಒಂದೇ ಪುಸ್ತಕದ ಪ್ರತಿಗಳು. ಕಾಡಪ್ಪ ಎಂಬ ನಿವೃತ್ತ ಗುಮಾಸ್ತರು ಬರೆದ ಚೌಪದಿಗಳ ಸಂಕಲನ, ಹೋದ ವರ್ಷ ಕಾಕಾ ಅಚ್ಚು ಹಾಕಿಸಿದ್ದು. ಹೊಸ ಪ್ರತಿಗಳು, ಪುಟ ಸಹ ಬಿಡಿಸಿರಲಿಲ್ಲ.

ಸ್ನೇಹಲ್‌ಗೆ ಗೆದ್ದೆ ಅನ್ನಿಸಲಿಲ್ಲ.

ಕಾಕಾರ ಕಣ್ಣು ಮಾತ್ರ ತುಂಬಿ ಬಂತು. ಕವಿತೆಯನ್ನು ಕದ್ದು ಓದುವ ಓದುಗರು ಈ ಕಾಲದಲ್ಲಿ ಎಲ್ಲಿದ್ದಾರೆ! ಬಗ್ಗಿ ಐದನ್ನೂ ಎತ್ತಿ, ಕಪಾಟಿನಿಂದ ಅದೇ ಪುಸ್ತಕ ಇನ್ನೂ ಐದು ಎಳೆದು, ಭಕ್ತಿಯಿಂದ ಅಜ್ಜಿಯ ಮುಂದೆ ಹಿಡಿದರು. “ಕದೀಬೇಕ್ಯಾಕ್ರೀ ತಾಯಿ? ಇಷ್ಟು ಪ್ರೀತಿ ಇದ್ರ ಹತ್ತೂ ಒಯ್ರಿ. ಪುಕ್ಕಟೆ ಕೊಡತೀನಿ.”

ಅಜ್ಜಿ ಹಾವು ಕಂಡವರಂತೆ ಹಿಂದೆ ಸರಿದರು.

“ಬ್ಯಾಡೋ ಯಪ್ಪಾ! ಕದ್ದಿಲ್ಲ, ಇಟ್ಟು ಹೋಗಲಿಕ್ಕೆ ಬಂದೀನಿ. ರೊಕ್ಕದ ಬದಲಿ ನೀವು ನಮ್ಮ ಯಜಮಾನರಿಗೆ ಹೊರಿಸಿದ ಮುನ್ನೂರು ಪ್ರತಿ ಮಂಚದ ಕೆಳಗಿಂದ ಐದೈದು ಹೊತ್ತು ತಂದು ಖಾಲಿ ಮಾಡಿದ್ರ, ಪುಸ್ತಕ ಭಾಳ ಖರ್ಚ ಆಗಲಿಕ್ಕತ್ಯಾವ ಅಂತ ಅವರು ಎರಡನೇದ್ದು ಬರೀಲಿಕ್ಕೆ ಕುಂತಾರ!”